ಎಡ ಅಂಚು ಸೊನ್ನೆ

ಕೆಂಪು ಟ್ರೇಯಲ್ಲಿ ಸೊಳ್ಳೆಯ ಊಟದ ಡಬ್ಬಿ ಇತ್ತು. ಬೆಳಿಗ್ಗೆ ಬಂದ ಕೂಡಲೇ ರಿಪೋರ್ಟ್ ಪ್ರಿಂಟು ತೆಗೆಯುವವಳು ಅದನ್ನು ನೋಡಿದ್ದಳು, ನೋಡಿಯೂ ಏನೂ ಅನ್ನದೆ ಕುರ್ಚಿ ಎಳೆದುಕೊಂಡು ಕೂತಿದ್ದಳು. ಸೊಳ್ಳೆ ಎಂದರೆ ಲ್ಯಾಬಿನಲ್ಲಿ ರಕ್ತ ತೆಗೆಯುವ ಹೆಂಗಸು. ಆ ಹೆಸರನ್ನು ಯಾರೂ ಇಟ್ಟದ್ದಲ್ಲ, ಹೆದರುವ ಮಕ್ಕಳಿಗೆ "ಏನಿಲ್ಲ ಪುಟ್ಟಾ, ಸೊಳ್ಳೆ ಕಚ್ಚಿದ ಹಾಗೆ ಅಷ್ಟೆ" ಎಂದು ಹೇಳೀ ಹೇಳೀ ತಾನೇ ಗಳಿಸಿಕೊಂಡದ್ದು. ಹತ್ತು ಗಂಟೆಯ ಹೊತ್ತಿಗೆ ರಿಪೋರ್ಟಿನವಳಿಗೆ ಯಾಕೋ ತಡೆಯಲಾಗಲಿಲ್ಲ, "ಏನೇ ಇದು, ಅರ್ಜೆಂಟ್ ರಿಪೋರ್ಟ್ ಇಡೋ ಜಾಗ ಅಲ್ವಾ" ಅಂದಳು. ಸೊಳ್ಳೆ ಕೈಗವಸು ಕಳಚುತ್ತ ನಕ್ಕಳು. "ಖಾಲಿ ಬಿದ್ದಿತ್ತಲ್ಲ ರಿಪೋರ್ಟಕ್ಕಾ, ಪಾಪ ಅಂತ ಇಟ್ಟೆ. ಹೊಸ ಕಂಪ್ಯೂಟರ್ ಬಂದಿದ್ದೇ ಬಂದಿದ್ದು, ಊರಿಗೆ ಊರೇ ಆರೋಗ್ಯವಾಗಿಬಿಟ್ಟಿದೆ ನೋಡಿ." ಅವಳೂ ನಕ್ಕಳು. ಮಾತು ಚೆನ್ನಾಗಿಯೇ ಇತ್ತು. ನಗು ಇನ್ನೂ ತುಟಿಯ ಮೇಲಿರುವಾಗಲೇ ಎದೆ ಧಸಕ್ಕೆಂದಿತು. ಸೊಳ್ಳೆ ಆಗಲೇ ಒಳಗೆ ಹೋಗಿದ್ದಳು, ಗಡಿಯಾರ ಹತ್ತು ದಾಟಿ ಐದು ನಿಮಿಷ ತೋರಿಸುತ್ತಿತ್ತು, ಕೌಂಟರಿನ ಆಚೆ ಯಾರೋ ಕೆಮ್ಮಿದರು.

ಹಾಳೆಯ ಮೇಲೆ ನಕ್ಷತ್ರ ನೋಡಿ ಎಷ್ಟು ದಿನವಾಯಿತು ಎಂದು ಅವಳು ಲೆಕ್ಕ ಹಾಕಲು ಹೋದಳು. ನಿನ್ನೆ ಇರಲಿಲ್ಲ. ಮೊನ್ನೆಯೂ ಇರಲಿಲ್ಲ. ಅದರ ಹಿಂದಿನ ದಿನ ಯಾರದೋ ಸಕ್ಕರೆ ಮುನ್ನೂರರ ಹತ್ತಿರ ಇದ್ದ ನೆನಪು. ಅದರ ಪಕ್ಕ ನಕ್ಷತ್ರ ಇತ್ತೇ? ಇದ್ದಿದ್ದರೆ ಕೆಂಪು ಟ್ರೇಗೆ ಹಾಕಿರುತ್ತಿದ್ದಳು, ಹಾಕಿದ ನೆನಪಿಲ್ಲ, ಹಾಗಾದರೆ ಇರಲಿಲ್ಲ. ಇಪ್ಪತ್ತಾರು ವರ್ಷದಿಂದ ಈ ಕೋಣೆಯ ನಿಯಮ ಅದೊಂದೇ. ಯಾವ ಅಂಕಿ ಇರಬೇಕಾದ ಮಿತಿಯನ್ನು ದಾಟಿದೆಯೋ ಆ ಸಾಲಿನ ಮೊಟ್ಟಮೊದಲ ಜಾಗದಲ್ಲಿ ಪ್ರೋಗ್ರಾಮು ಒಂದು ನಕ್ಷತ್ರ ಹಾಕುತ್ತದೆ. ನಕ್ಷತ್ರ ಇರುವ ಹಾಳೆ ಕೆಂಪು ಟ್ರೇಗೆ, ಇಲ್ಲದ್ದು ಬಿಳಿ ಟ್ರೇಗೆ. ಕೆಂಪು ಟ್ರೇಯದನ್ನು ಡಾಕ್ಟರು ಓದುತ್ತಾರೆ, ಮನೆಗೆ ಫೋನು ಮಾಡಿಸುತ್ತಾರೆ. ಬಿಳಿ ಟ್ರೇಯದಕ್ಕೆ ಮಾತಾಡುತ್ತಲೇ ಸಹಿ ಹಾಕುತ್ತಾರೆ. ಸುತ್ತಮುತ್ತಲ ವೈದ್ಯರಿಗೂ ಅದೇ ಅಭ್ಯಾಸವಾಗಿಹೋಗಿತ್ತು, ಈ ಲ್ಯಾಬಿನ ಹಾಳೆ ಎಂದರೆ ಎಡಗಡೆ ಮೇಲಿಂದ ಕೆಳಗೆ ಒಂದು ಸಲ ಕಣ್ಣಾಡಿಸಿದರೆ ಮುಗಿಯಿತು. ಮೊದಲನೇ ಜಾಗ ನಕ್ಷತ್ರಕ್ಕೇ ಬಿಟ್ಟುಬಿಡ್ತೀನಿ ಕಣೇ, ಕುರುಡನ ಕಣ್ಣೂ ತಪ್ಪಬಾರದು ಅಂದಿದ್ದ ಅಣ್ಣ. ಇದೇ ಕಿಟಕಿಯ ಪಕ್ಕ ಕೂತು, ಒಂದು ಕಾಲು ಮಡಚಿ ಕುರ್ಚಿಯ ಮೇಲಿಟ್ಟುಕೊಂಡು, ಒಂದು ಬೇಸಿಗೆಯೆಲ್ಲ ಅವನು ಈ ಪ್ರೋಗ್ರಾಮು ಬರೆದ. ಅದನ್ನು ನಡೆಸುವುದಕ್ಕೆ ತಂಗಿಯನ್ನು ಕೂರಿಸಿ ಹೋದ. ಅವನು ತೀರಿಕೊಂಡು ಎಂಟು ವರ್ಷ. ಪ್ರೋಗ್ರಾಮು ಮಾತ್ರ ದಿನಾ ಬೆಳಿಗ್ಗೆ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ನಮಸ್ಕಾರ ಹೇಳುತ್ತಿತ್ತು, ಅವಳು ಮನಸ್ಸಿನಲ್ಲೇ ಹೂಂ ಅನ್ನುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹಳೇ ಕಂಪ್ಯೂಟರು ಸುಟ್ಟ ವಾಸನೆ ಬಿಟ್ಟು ಕೂತಾಗ ಎಲ್ಲರೂ ಕೈಬಿಟ್ಟಿದ್ದರು. ರಿಪೇರಿಯವನು ಹೊಸದನ್ನು ತಂದಿಟ್ಟ, ಅಣ್ಣನ ಪ್ರೋಗ್ರಾಮು ಹೇಗೋ ತೆರೆದುಕೊಂಡಿತು, ಪ್ರಿಂಟು ಮಾತ್ರ ಬರಲೊಲ್ಲದು. ಅದಕ್ಕೆ ಗೊತ್ತಿದ್ದದ್ದು ಒಂದೇ ದಾರಿ, ಹಿಂಭಾಗದ ಅಗಲವಾದ ಕಿಂಡಿ, ಅದರಿಂದ ಹೊರಟ ದಪ್ಪ ವಯರು, ಆ ತುದಿಯಲ್ಲಿ ಕಿರ್ರೋ ಎನ್ನುವ ಹಳೇ ಪ್ರಿಂಟರು. ಹೊಸ ಕಂಪ್ಯೂಟರಿನ ಬೆನ್ನಿನಲ್ಲಿ ಅಂಥ ಕಿಂಡಿಯೇ ಇರಲಿಲ್ಲ. ಹೊಸ ಸಾಫ್ಟ್‌ವೇರ್ ಮಾರುವವನು ಟೈ ಕಟ್ಟಿಕೊಂಡು ಬಂದು, ಪರದೆಯ ಮೇಲಿನ ಹಸಿರು ಅಕ್ಷರ ನೋಡಿ, "ಮೇಡಂ, ಇದನ್ನ ಮ್ಯೂಸಿಯಮ್ಮಿಗೆ ಕೊಡಿ, ನೀವೂ ಜೊತೆಗೆ ಹೋಗಿ, ನಿಮ್ಮನ್ನ ಅಲ್ಲೇ ಗೈಡ್ ಮಾಡ್ತಾರೆ" ಅಂದ. ಡಾಕ್ಟರು ನಕ್ಕರು, ಸೊಳ್ಳೆ ನಕ್ಕಳು, ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು. ಮನೆಗೆ ಹೋಗಿ ಬಚ್ಚಲಲ್ಲಿ ಮುಖ ತೊಳೆಯುವಾಗ ಎಲ್ಲರ ಆ ನಗು ಮತ್ತೆ ಕೇಳಿಸಿತು. ಆಮೇಲೆ ಮೂರು ದಿನ ಹಟ ಹಿಡಿದು ಕೂತಳು. ಹಳೇ ಪ್ರೋಗ್ರಾಮುಗಳ ಜೊತೆ ಹೆಣಗುವವರು ಬರೆದಿಟ್ಟದ್ದನ್ನೆಲ್ಲ ಹುಡುಕಿ ಓದಿದಳು, ಅರ್ಥವಾಗದ್ದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು ಮತ್ತೆ ಓದಿದಳು. ಕಡೆಗೆ ಉಪಾಯ ಸಿಕ್ಕಿತು. ಕಂಪ್ಯೂಟರಿಗೆ ಸುಳ್ಳು ಹೇಳಲು ಕಲಿಸುವುದು. ಕಿಂಡಿ ಇದೆ ಎಂದು ಅದು ಅಣ್ಣನ ಪ್ರೋಗ್ರಾಮನ್ನು ನಂಬಿಸುತ್ತದೆ, ಪ್ರೋಗ್ರಾಮು ಅದಕ್ಕೆ ಎಸೆದದ್ದನ್ನು ಒಂದು ಪುಟ್ಟ ಪ್ರೋಗ್ರಾಮು ನಡುವೆ ನಿಂತು ಹಿಡಿದು ಹೊಸ ಪ್ರಿಂಟರಿಗೆ ದಾಟಿಸುತ್ತದೆ.

ಪ್ರಿಂಟು ಬಂತು, ಆದರೆ ಸೊಟ್ಟಗೆ ಬಂತು. ಹಳೇ ಪ್ರಿಂಟರಿನ ಹಾಳೆ ಅಗಲ, ಹೊಸದರದು ಕಿರಿದು. ಸಾಲಿನ ಬಾಲ ಬಲಗಡೆ ಹಿಡಿಸದೆ ಕೆಳಗೆ ಬಿದ್ದು, ಯಾರದೋ ಅಂಕಿ ಯಾರದೋ ಪಕ್ಕ ಹೋಗಿ ಕೂರುತ್ತಿತ್ತು. ಅಕ್ಷರ ಸಣ್ಣ ಮಾಡಿದಳು, ಇರುವೆ ಸಾಲಿನಷ್ಟು ಸಣ್ಣ. ಆದರೂ ಎರಡು ಮೂರು ಅಕ್ಷರದ ಜಾಗ ಸಾಲದು. ಎಡ ಅಂಚು ಎಂಬ ಚೌಕದಲ್ಲಿ ಐದು ಮಿಲಿಮೀಟರ್ ಎಂದಿತ್ತು. ಮೂರು ಮಾಡಿದಳು, ಒಂದು ಮಾಡಿದಳು, ಸೊನ್ನೆ ಮಾಡಿದಳು. ಸೊನ್ನೆಗೆ ಇಡೀ ಸಾಲು ಅಚ್ಚುಕಟ್ಟಾಗಿ ಕೂತಿತು. ಡಾಕ್ಟರು ಬಂದು ಹಾಳೆ ಕೈಗೆತ್ತಿಕೊಂಡು, ಎಲ್ಲರ ಎದುರಿಗೆ, "ಇಂಜಿನಿಯರುಗಳ ಕೈಲಿ ಆಗದ್ದನ್ನ ಮಾಡಿದಾರಪ್ಪ ನಮ್ಮ ರಿಪೋರ್ಟಕ್ಕ" ಅಂದರು. ಅದು ಹನ್ನೊಂದು ದಿನದ ಹಿಂದಿನ ಮಾತು. ಅವತ್ತು ಮನೆಗೆ ನಡೆದುಕೊಂಡೇ ಹೋದಳು, ಬಸ್ಸು ಬಂದರೂ ಹತ್ತಲಿಲ್ಲ. ಗಂಡ ಬಾಗಿಲು ತೆಗೆದು, ಏನು ಲಾಟರಿ ಹೊಡೀತಾ ಎಂದು ಕೇಳಿದ.

ಡಾಕ್ಟರು ಮೆಚ್ಚಿದ ಆ ಹಾಳೆ ಯಾರದಾಗಿತ್ತು ಎಂಬುದು ಈಗ ನೆನಪಾಯಿತು. ಅದು ಆರೋಗ್ಯಣ್ಣನದು. ಪ್ರಿಂಟು ಸರಿಯಿದೆಯೇ ಎಂದು ನೋಡಲು ಅಣ್ಣ ಒಬ್ಬ ಸುಳ್ಳು ರೋಗಿಯನ್ನು ಸೃಷ್ಟಿಸಿ ಇಟ್ಟಿದ್ದ, ವಯಸ್ಸು ಮೂವತ್ತು, ಸಕ್ಕರೆ ಕೊಬ್ಬು ಉಪ್ಪು ಎಲ್ಲವೂ ನಡುಮಧ್ಯ. ಈ ಲ್ಯಾಬಲ್ಲಿ ಒಬ್ಬನಾದರೂ ಚೆನ್ನಾಗಿರಲಿ ಎಂದು ತಮಾಷೆ ಮಾಡಿದ್ದ. ಇಪ್ಪತ್ತಾರು ವರ್ಷದಲ್ಲಿ ಆರೋಗ್ಯಣ್ಣನಿಗೆ ವಯಸ್ಸೂ ಆಗಲಿಲ್ಲ, ನಕ್ಷತ್ರವೂ ಬೀಳಲಿಲ್ಲ. ಅವನ ಹಾಳೆ ನೋಡಿ ಅವಳು ಸೈ ಅಂದಿದ್ದಳು. ರೋಗವೇ ಇಲ್ಲದವನ ಹಾಳೆಯಲ್ಲಿ ರೋಗದ ಗುರುತು ಕಾಣುತ್ತದೋ ಇಲ್ಲವೋ ಎಂದು ಹೇಗೆ ಗೊತ್ತಾಗಬೇಕು. ಹೊಸ ಪ್ರಿಂಟರಿಗೆ ಹಾಳೆಯ ಅಂಚು ಹಿಡಿದುಕೊಳ್ಳಲು ಉಗುರಿನ ಅಂಚಿನಷ್ಟು ಜಾಗ ಬೇಕು, ಅಲ್ಲಿ ಅದು ಏನನ್ನೂ ಬರೆಯುವುದಿಲ್ಲ. ಅಲ್ಲಿ ಬಿದ್ದ ಅಕ್ಷರವನ್ನು ಸದ್ದಿಲ್ಲದೆ ನುಂಗುತ್ತದೆ, ನುಂಗಿದೆ ಎಂದು ಹೇಳುವುದೂ ಇಲ್ಲ. ಇದನ್ನೂ ಅವಳು ಎಲ್ಲೋ ಓದಿದ್ದಳು, ಆ ನೋಟುಬುಕ್ಕಿನಲ್ಲಿ ತನ್ನದೇ ಕೈಬರಹದಲ್ಲಿ ಬರೆದುಕೊಂಡೂ ಇದ್ದಳು.

ಅಂಚನ್ನು ಐದಕ್ಕೆ ಏರಿಸಿದಳು. ಅವಸರಕ್ಕೆ ಮೊದಲು ಐವತ್ತೈದು ಆಯಿತು, ಒಂದು ಐದು ಅಳಿಸಿದಳು. ಯಾರ ಹಾಳೆ ತೆಗೆಯಬೇಕೆಂದು ಯೋಚಿಸುವ ಮೊದಲೇ ಬೆರಳು ಡ್ರಾಯಿಂಗ್ ಮೇಷ್ಟ್ರ ರಿಪೋರ್ಟ್ ನಂಬರು ಒತ್ತಿತ್ತು. ಯಾಕೆ ಅವರೇ ಎಂದು ಕೇಳಿಕೊಳ್ಳಲಿಲ್ಲ, ಗೊತ್ತಿತ್ತು. ಹಾಳೆ ಬೆಚ್ಚಗೆ ಹೊರಗೆ ಬಂತು. ಸಾಲಿನ ಬಾಲ ಕೆಳಗೆ ಮುರಿದು ಬಿದ್ದಿತ್ತು, ಸಾಲಿನ ತಲೆಯಲ್ಲಿ ನಕ್ಷತ್ರ ಇತ್ತು.

ಮೇಷ್ಟ್ರು ಹದಿನೈದು ದಿನಕ್ಕೊಮ್ಮೆ ತಪ್ಪದೆ ಬರುವವರು. ಹೃದಯದಲ್ಲಿ ಕೃತಕ ಕವಾಟ, ರಕ್ತ ಹೆಪ್ಪುಗಟ್ಟದಿರಲಿ ಎಂದು ದಿನಾ ಮಾತ್ರೆ, ಮಾತ್ರೆ ಹೆಚ್ಚಾಗಿ ರಕ್ತ ತೀರ ತೆಳುವಾಗಿದೆಯೋ ಎಂದು ನೋಡಲು ಈ ಪರೀಕ್ಷೆ. ಎರಡರಿಂದ ಮೂರರೊಳಗೆ ಇರಬೇಕು, ಅವರದು ಯಾವಾಗಲೂ ಆಚೆ ಈಚೆ. ಅಂಕಿ ಅವರು ಓದುತ್ತಿರಲಿಲ್ಲ. ಕಿಟಕಿಗೆ ಮುಖ ಕೊಟ್ಟು, "ಏನಮ್ಮ, ಇವತ್ತೂ ನಕ್ಷತ್ರ ಕೊಟ್ರಾ, ನಾನು ಮಕ್ಕಳಿಗೆ ಇಷ್ಟು ನಕ್ಷತ್ರ ಕೊಟ್ಟಿಲ್ಲ ಕಣಮ್ಮ" ಅನ್ನುತ್ತಿದ್ದರು. ಎಂಟು ದಿನದ ಹಿಂದೆ ಹಾಳೆ ತಿರುಗಿಸಿ ಮುರುಗಿಸಿ ನೋಡಿದರು. ಇಲ್ವಲ್ಲ ಅಂದರು. ಅವಳು ಇಣುಕಿ ನೋಡಿ ಅಂದಳು, "ಇಲ್ಲ ಮೇಷ್ಟ್ರೇ, ಎಲ್ಲಾ ಸರಿ ಇದೆ, ಆರಾಮಾಗಿ ಹೋಗಿ ಬನ್ನಿ." ಅಷ್ಟು ದೊಡ್ಡ ಮನುಷ್ಯರು ಮಗುವಿನ ಹಾಗೆ ಮುಖ ಅರಳಿಸಿದರು. ಆ ಮುಖ ಅರಳಿದ್ದಕ್ಕೆ ತಾನೇ ಕಾರಣ ಅನ್ನುವಂತೆ ಅವಳಿಗೆ ಇಡೀ ದಿನ ಖುಷಿಯಾಗಿತ್ತು. ಈಗ ಹಾಳೆಯಲ್ಲಿ ನಕ್ಷತ್ರದ ಪಕ್ಕ ಇರುವೆಯಷ್ಟು ಸಣ್ಣ ಅಂಕಿ, ಐದು ಪಾಯಿಂಟ್ ಎಂಟು. ಸಣ್ಣದೊಂದು ಗಾಯವಾದರೂ ರಕ್ತ ನಿಲ್ಲುವುದು ಕಷ್ಟ ಎನ್ನುವ ಅಂಕಿ. ಅವತ್ತಿನಿಂದ ಎಂಟು ದಿನ ಅವರು ಅದೇ ಮಾತ್ರೆ, ಅಷ್ಟೇ ಮಾತ್ರೆ ನುಂಗಿದ್ದಾರೆ, ಅವಳ ಮಾತು ನಂಬಿ.

ಒಳಗಿನ ಕೋಣೆಯಿಂದ ಡಾಕ್ಟರ ಧ್ವನಿ ಕೇಳುತ್ತಿತ್ತು, ಯಾರಿಗೋ ಕ್ರಿಕೆಟ್ಟಿನ ವಿಷಯ ಹೇಳುತ್ತಿದ್ದರು. ಎದ್ದು ಹೋಗಿ ಹೇಳಬೇಕು. ಎದ್ದಳು, ಕೂತಳು. ಸಹಿ ಅವರದೇ ಇದೆ, ಎಲ್ಲ ಹಾಳೆಯ ಮೇಲೂ ಇದೆ, ಅವರು ನೋಡಬೇಕಾಗಿತ್ತು ಎಂದು ಒಂದು ಮನಸ್ಸು ಹೇಳಿತು. ಆ ಮನಸ್ಸಿನ ಮೇಲೆ ಅವಳಿಗೇ ಹೇಸಿಗೆಯಾಯಿತು, ಆದರೂ ಅದು ಸುಮ್ಮನಾಗಲಿಲ್ಲ. ಅಂಚು ಸರಿಮಾಡಿಯಾಗಿದೆ, ಇನ್ನು ಮುಂದೆ ನಕ್ಷತ್ರ ಬರುತ್ತದೆ, ಹನ್ನೊಂದು ದಿನದ್ದು ಯಾರಿಗೆ ತಾನೇ ಗೊತ್ತಾಗುತ್ತದೆ, ಕಾಯಿಲೆ ಇದ್ದವರು ಮತ್ತೆ ಬಂದೇ ಬರುತ್ತಾರೆ, ಆಗ ನಕ್ಷತ್ರ ಬಿದ್ದೇ ಬೀಳುತ್ತದೆ. ಮೇಷ್ಟ್ರಿಗೊಬ್ಬರಿಗೆ ಮೆಲ್ಲಗೆ ಹೇಳಿಬಿಟ್ಟರೆ ಸಾಕು. ಬೇಕಾದರೆ ಪ್ರಿಂಟರು ಕೆಟ್ಟಿತ್ತು ಅನ್ನಬಹುದು. ಟೈ ಕಟ್ಟಿದವನು ಮತ್ತೆ ಬಂದು ನಗುವುದು, ಅಣ್ಣನ ಹಸಿರು ಅಕ್ಷರ ಕಡೆಯ ಸಲ ಆರಿಹೋಗುವುದು, ನೀವು ಮನೇಲಿ ರೆಸ್ಟ್ ತಗೊಳ್ಳಿ ಎಂದು ಡಾಕ್ಟರು ಮರ್ಯಾದೆಯಿಂದಲೇ ಹೇಳುವುದು, ಎಲ್ಲ ಕಣ್ಣಿಗೆ ಕಟ್ಟಿತು. ಫೋನು ತೆಗೆದುಕೊಂಡು ಮೇಷ್ಟ್ರ ಮನೆಗೆ ಮಾಡಿದಳು.

ಮೇಷ್ಟ್ರ ಹೆಂಡತಿ ತೆಗೆದರು. "ಅವರಿಲ್ಲಮ್ಮ. ಹಲ್ಲು ಕೀಳಿಸೋಕೆ ಹೋದ್ರು."

"ಹಲ್ಲಾ?"

"ಆರು ತಿಂಗಳಿಂದ ನರಳ್ತಿದ್ರು ಪಾಪ. ರಕ್ತ ಸರಿ ಇಲ್ಲದೆ ಕೀಳಲ್ಲ ಅಂತ ಡೆಂಟಿಸ್ಟು ಹಟ ಹಿಡಿದಿದ್ರು. ಮೊನ್ನೆ ನೀವೇ ಹೇಳಿದ್ರಂತಲ್ಲ, ನಕ್ಷತ್ರ ಇಲ್ಲ, ಹೋಗಿ ಬನ್ನಿ ಅಂತ. ಆ ಹಾಳೆ ತಗೊಂಡೇ ಹೋಗಿದಾರೆ. ಹನ್ನೊಂದಕ್ಕೆ ಟೈಮ್ ಕೊಟ್ಟಿದಾರೆ. ಯಾಕಮ್ಮ?"

ಅವಳು ಡೆಂಟಿಸ್ಟ್ ಎಲ್ಲಿ ಎಂದು ಕೇಳಿದಳು. ಅಂಚೆ ಕಚೇರಿಯ ಹಿಂದೆ, ಕನ್ನಡಕದ ಅಂಗಡಿಯ ಮೇಲೆ. ಮೇಷ್ಟ್ರು ಮೊಬೈಲು ಮನೆಯಲ್ಲೇ ಬಿಟ್ಟುಹೋಗಿದ್ದರು, ಡೆಂಟಿಸ್ಟ್ ಫೋನು ಬಡಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಗೋಡೆಯ ಮೇಲೆ ಹತ್ತು ಮುಕ್ಕಾಲು. ನಕ್ಷತ್ರದ ಹಾಳೆ ಮಡಚಿ ಮುಷ್ಟಿಯಲ್ಲಿ ಹಿಡಿದು ಹೊರಟಳು. ಈಗ ಬಂದೆ ಎಂದು ಸೊಳ್ಳೆಗೆ ಹೇಳಿದಳೋ ಇಲ್ಲವೋ ಗೊತ್ತಿಲ್ಲ. ಲ್ಯಾಬಿನೊಳಗೆ ಹಾಕುವ ರಬ್ಬರ್ ಚಪ್ಪಲಿಯಲ್ಲೇ ಬೀದಿಗೆ ಇಳಿದಿದ್ದಳು, ಅದು ಹೆಜ್ಜೆಹೆಜ್ಜೆಗೂ ಕಳಚಿಕೊಳ್ಳುತ್ತಿತ್ತು. ಐವತ್ನಾಲ್ಕು ವರ್ಷದ ಹೆಂಗಸು ಓಡುತ್ತಿದ್ದರೆ ಜನ ದಾರಿ ಬಿಡುವುದಿಲ್ಲ, ನಿಂತು ನೋಡುತ್ತಾರೆ. ಬೀಗ ರಿಪೇರಿಯವನು ತಲೆ ಎತ್ತಿ ನೋಡಿದ. ಸಿಗ್ನಲ್ಲಿನಲ್ಲಿ ಕೆಂಪು ಬಿದ್ದಿತ್ತು, ಎಣಿಕೆ ಎಪ್ಪತ್ತೆರಡರಿಂದ ಇಳಿಯುತ್ತಿತ್ತು. ಅಣ್ಣನ ಕಡೆಯ ದಿನಗಳಲ್ಲಿ ಆಸ್ಪತ್ರೆಯ ಲಿಫ್ಟಿನ ಮುಂದೆ ಹೀಗೇ ನಿಂತಿದ್ದಳು, ಅಂಕಿ ಇಳಿಯಲೊಲ್ಲದು. ಅವನ ರಕ್ತದ ಹಾಳೆಯನ್ನು ಅವಳೇ ಪ್ರಿಂಟು ತೆಗೆದಿದ್ದಳು. ಮೇಲಿಂದ ಕೆಳಗಿನತನಕ ನಕ್ಷತ್ರ. ಅವನು ಅದನ್ನು ನೋಡಿ, ನೋಡು ಹೇಗೆ ಸಾಲಾಗಿ ಬಂದಿದೆ, ಒಂದೂ ತಪ್ಪಿಲ್ಲ ಅಂದಿದ್ದ. ದೇವರೇ, ಇವರೊಬ್ಬರು ಉಳಿಯಲಿ ಎಂದು ಅವಳು ಈಗ ಬೇಡಿಕೊಂಡಳು. ಬೇಡಿಕೊಳ್ಳುವಾಗಲೇ ಅದರ ಬೆನ್ನಿಗೆ ಇನ್ನೊಂದು ಮಾತು ಅಂಟಿಕೊಂಡು ಬಂತು. ಇವರೊಬ್ಬರು ಉಳಿದರೆ ಸಾಕು, ಮಿಕ್ಕಿದ್ದು ಯಾರಿಗೂ ಗೊತ್ತಾಗದೆ ಮುಗಿದುಹೋಗಲಿ. ಎಣಿಕೆ ಮುಗಿಯುವ ಮೊದಲೇ ವಾಹನಗಳ ನಡುವೆ ನುಗ್ಗಿದಳು, ಯಾರೋ ಬೈದರು.

ಮೆಟ್ಟಿಲು ಹತ್ತುವಾಗ ಎಡಗಾಲಿನ ಚಪ್ಪಲಿ ಉಳಿಯಿತು. ಕಾಯುವ ಕೋಣೆಯಲ್ಲಿ ನಾಲ್ಕು ಜನ ಕೂತಿದ್ದರು, ಮೇಷ್ಟ್ರು ಅವರಲ್ಲಿರಲಿಲ್ಲ. ಒಳಗೆ ಯಂತ್ರದ ಸದ್ದು. ಮೇಜಿನ ಹೆಂಗಸು, "ಚೀಟಿ ತಗೊಂಡು ಕೂತ್ಕೊಳ್ಳಿ" ಎನ್ನುತ್ತಿದ್ದಂತೆ ಅವಳು ಬಾಗಿಲು ತಳ್ಳಿದಳು. ಮೇಷ್ಟ್ರು ಕುರ್ಚಿಯಲ್ಲಿ ಮಲಗಿದ್ದರು, ಬಾಯಿ ತೆರೆದಿತ್ತು, ಮುಖದ ಮೇಲೆ ಬಿಳಿ ಬೆಳಕು. ಡೆಂಟಿಸ್ಟರ ಕೈಯಲ್ಲಿ ಇಕ್ಕಳ ಇತ್ತು. ಆ ಇಕ್ಕಳಕ್ಕೆ ಏನಾದರೂ ಅಂಟಿದೆಯೇ ಎಂದು ಅವಳು ಮೊದಲು ನೋಡಿದಳು. ಏನೂ ಇರಲಿಲ್ಲ, ಹೊಳೆಯುತ್ತಿತ್ತು.

"ಕೀಳಬೇಡಿ," ಅಂದಳು. "ಆ ರಿಪೋರ್ಟ್ ತಪ್ಪು."

ಡೆಂಟಿಸ್ಟ್ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಬರಿಗಾಲಿನ ಹತ್ತಿರ ಕಣ್ಣು ಒಂದು ಕ್ಷಣ ನಿಂತಿತು. "ಯಾರಮ್ಮ ನೀವು?"

"ಲ್ಯಾಬಿನವಳು. ರಿಪೋರ್ಟ್ ಕೊಡೋಳು. ನಕ್ಷತ್ರ ಬಿಟ್ಟುಹೋಗಿದೆ." ಹಾಳೆ ಬಿಚ್ಚಿ ಹಿಡಿದಳು. ಬೆವರಿಗೆ ಒದ್ದೆಯಾಗಿತ್ತು. ಡೆಂಟಿಸ್ಟ್ ಅದನ್ನು ನೋಡಿದರು, ಆಮೇಲೆ ಫೈಲಿನಲ್ಲಿದ್ದ ಹಳೆಯದನ್ನು ತೆಗೆದು ದೀಪದ ಕೆಳಗೆ ಹಿಡಿದರು, ಕನ್ನಡಕ ಹಣೆಗೇರಿಸಿ ಮತ್ತೆ ನೋಡಿದರು. ಅಂಕಿ ಅಲ್ಲೂ ಇತ್ತು. ಎರಡರಲ್ಲೂ ಅದೇ ಐದು ಪಾಯಿಂಟ್ ಎಂಟು. ಅವರ ಕುತ್ತಿಗೆ ಕೆಂಪಾಯಿತು. "ನಿಮ್ಮ ಲ್ಯಾಬಿನದು ಅಂದ್ರೆ ನಾನು ನಕ್ಷತ್ರ ಮಾತ್ರ ನೋಡೋದು," ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ, ಇಕ್ಕಳವನ್ನು ತಟ್ಟೆಯಲ್ಲಿ ಇಟ್ಟರು. ಆಮೇಲೆ ಎಲ್ಲ ಬೇಗಬೇಗ ನಡೆಯಿತು. ಸೂಜಿ ಚುಚ್ಚಿದ ಜಾಗ ಜಿನುಗುತ್ತಿತ್ತು, ಹತ್ತಿ ಒತ್ತಿ ಹಿಡಿದರು. ಮೇಷ್ಟ್ರ ಹೃದಯದ ವೈದ್ಯರಿಗೆ ಫೋನು ಮಾಡಿದರು. ಇವತ್ತಿನಿಂದಲೇ ಮಾತ್ರೆ ನಿಲ್ಲಿಸಬೇಕು, ಈಗಲೇ ಆಸ್ಪತ್ರೆಗೆ ಕರೆತರಬೇಕು ಎಂದು ಆ ಕಡೆಯಿಂದ ಹೇಳಿದ್ದು ಅವಳಿಗೂ ಕೇಳಿಸಿತು. ಮೇಷ್ಟ್ರ ಮುಂಗೈಯ ಮೇಲೆ ಅಂಗೈಯಗಲ ನೀಲಿ ಕಲೆ ಇತ್ತು, ಎಲ್ಲೂ ತಾಗಿಸಿಕೊಂಡ ಹಾಗಿರಲಿಲ್ಲ.

ಆಟೋ ಬರುವವರೆಗೆ ಮೇಷ್ಟ್ರನ್ನು ಹೊರಗೆ ಕೂರಿಸಿದರು. ಅವಳು ಎದುರಿಗೆ ನಿಂತಳು, ಕೂರುವ ಧೈರ್ಯವಾಗಲಿಲ್ಲ. ಏನಾಯಿತೆಂದು ಎಲ್ಲ ಹೇಳಿದಳು, ಕಿಂಡಿ, ಸುಳ್ಳು, ಅಂಚು, ಸೊನ್ನೆ. ಪ್ರಿಂಟರು ಕೆಟ್ಟಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆಡಲಿಲ್ಲ. ಮೇಷ್ಟ್ರು ಬೈಯುತ್ತಾರೆ ಎಂದು ಕಾದಳು. ಬೈದರೆ ಸಾಕು, ಬೈದರೆ ಮುಗಿಯುತ್ತದೆ. ಅವರು ಮರಗಟ್ಟಿದ ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ಕೇಳಿಸಿಕೊಂಡರು. ಅರ್ಧ ತುಟಿ ಮಾತ್ರ ಅಲುಗುತ್ತಿತ್ತು. ಓಡಿ ಬಂದೆಯಲ್ಲಮ್ಮ ಎಂದು ಕೈಸನ್ನೆಯಲ್ಲೇ ಹೇಳಿದರು, ಅವಳ ಬರಿಗಾಲು ತೋರಿಸಿದರು. ಅವಳಿಗೆ ಅಳು ಬಂತು. ಉಳಿದರು, ಇವರು ಉಳಿದರು, ಮುಗಿಯಿತು ಎಂದುಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಗ ಅವರು ಹತ್ತಿಯನ್ನು ನಾಲಿಗೆಯಿಂದ ಪಕ್ಕಕ್ಕೆ ತಳ್ಳಿ, ನಿಧಾನವಾಗಿ ಕೇಳಿದರು.

"ಉಳಿದೋರು?"

ಆಟೋ ಬಂತು. ಅವರನ್ನು ಹತ್ತಿಸಿ, ಮೆಟ್ಟಿಲಿನ ಮೇಲೆ ಬಿದ್ದಿದ್ದ ಚಪ್ಪಲಿ ಹಾಕಿಕೊಂಡು, ಬಂದ ದಾರಿಯಲ್ಲೇ ಹಿಂತಿರುಗಿದಳು. ಈ ಸಲ ಓಡಲಿಲ್ಲ. ದಾರಿಯಲ್ಲಿ ಎದುರಾದ ಮುಖಗಳನ್ನೆಲ್ಲ ನೋಡಿದಳು. ಈ ಹನ್ನೊಂದು ದಿನದಲ್ಲಿ ಕಿಟಕಿಯ ಹತ್ತಿರ ಯಾರು ಕೇಳಿದರೂ ಎಲ್ಲಾ ಸರಿ ಇದೆ ಎಂದು ಹೇಳಿದ್ದಳು, ಹೇಳುವುದರಲ್ಲಿ ಒಂದು ರುಚಿ ಹತ್ತಿತ್ತು. ಬೀಗ ರಿಪೇರಿಯವನು ಮತ್ತೆ ತಲೆ ಎತ್ತಿದ. ಇವನು ಬಂದಿದ್ದನೇ? ಬಂದಿದ್ದ ಹಾಗಿತ್ತು.

ಅಣ್ಣನ ಪ್ರೋಗ್ರಾಮಿನಲ್ಲಿ, ಅವಳು ಹೆಚ್ಚು ಬಳಸದ ಒಂದು ಮೂಲೆಯಲ್ಲಿ, ಈ ದಿನದಿಂದ ಆ ದಿನದವರೆಗೆ, ನಕ್ಷತ್ರದವು ಮಾತ್ರ ಎಂದು ಕೇಳುವ ಸಾಲು ಇತ್ತು. ಅವನಿಗೆ ಅದು ಯಾಕೆ ಹೊಳೆದಿತ್ತೋ. ದಿನಾಂಕ ಕೊಟ್ಟು ಒತ್ತಿದಳು. ಪ್ರಿಂಟರು ಕಾಗದ ಉಗುಳಲು ಶುರುಮಾಡಿತು, ನಿಲ್ಲಲೇ ಇಲ್ಲ. ಎಲ್ಲ ಸಾಲೂ ಬಾಲ ಮುರಿದುಕೊಂಡು ಸೊಟ್ಟಗೆ ಬರುತ್ತಿತ್ತು, ಎಲ್ಲ ಹಾಳೆಯಲ್ಲೂ ಯಾವುದಾದರೊಂದು ಸಾಲಿನ ತಲೆಯಲ್ಲಿ ನಕ್ಷತ್ರ ಇತ್ತು. ಅರುವತ್ತಮೂರು ಎಂದು ಪರದೆ ಹೇಳಿತು. ಸೊಳ್ಳೆ ಬಂದು ಪಕ್ಕದಲ್ಲಿ ನಿಂತಳು, ಒಂದು ಹಾಳೆ ಎತ್ತಿ ನೋಡಿದಳು, ಇನ್ನೊಂದು ನೋಡಿದಳು, ಕೆಂಪು ಟ್ರೇಯಿಂದ ತನ್ನ ಡಬ್ಬಿ ತೆಗೆದುಕೊಂಡಳು.

ಡಾಕ್ಟರು ಸದ್ದು ಕೇಳಿ ಹೊರಗೆ ಬಂದರು. ಅವಳು ಹೇಳಿದಳು. ಈ ಸಲ ಎರಡೇ ಮಾತಿನಲ್ಲಿ ಹೇಳಿದಳು. ಅವರು ಮೇಲಿನ ಹಾಳೆ ಎತ್ತಿಕೊಂಡು, ತಮ್ಮ ಸಹಿ ಬೀಳುವ ಖಾಲಿ ಜಾಗವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಧ್ವನಿ ತಗ್ಗಿಸಿ ಕೇಳಿದರು, "ಇದು ಬೇರೆ ಯಾರಿಗಾದ್ರೂ ಗೊತ್ತಾ?" ಅವರ ಕಣ್ಣಿನಲ್ಲಿ ಅವಳಿಗೆ ಕಂಡದ್ದು ಸಿಗ್ನಲ್ಲಿನ ಹತ್ತಿರ ತನಗೆ ಅಂಟಿಕೊಂಡಿದ್ದ ಅದೇ ಮಾತು. "ನನಗೆ ಗೊತ್ತಲ್ಲ ಸರ್," ಅಂದಳು.

ಫೋನು ಹತ್ತಿರ ಎಳೆದುಕೊಂಡು ಮೊದಲ ಹಾಳೆಯ ನಂಬರು ಒತ್ತಿದಳು. ಡಾಕ್ಟರು ಅಲ್ಲೇ ನಿಂತಿದ್ದರು, ತಡೆಯಲಿಲ್ಲ, ಹೋಗಲೂ ಇಲ್ಲ. ಆ ಕಡೆ ನಾಲ್ಕು ಸಲ ಗಂಟೆ ಹೊಡೆಯಿತು. ಒಬ್ಬ ಹೆಂಗಸು ತೆಗೆದರು, ಒಗೆಯುತ್ತಿದ್ದವರಿರಬೇಕು, ಹಿಂದೆ ನೀರಿನ ಸದ್ದು ಇತ್ತು. ಲ್ಯಾಬಿಂದ ಅಂದ ಕೂಡಲೇ ಅವರು ನಲ್ಲಿ ನಿಲ್ಲಿಸಿದರು.

"ಓ, ಹೇಳಿ ಹೇಳಿ. ಅವತ್ತು ಎಲ್ಲಾ ಸರಿ ಇದೆ ಅಂತ ಹೇಳಿದ್ರಲ್ಲ, ಆ ಅಕ್ಕ ನೀವೇನಾ?"

"ಹೌದು," ಅಂದಳು. "ನಾನೇ."